ಕನ್ನಡ ಅಕ್ಷರ ವಿನ್ಯಾಸಕ್ಕೆ ಹೊರಟಿದ್ದೀರಾ? ಮೊದಲು ಗ್ರಂಥಾಲಯ, ಆಮೇಲೆ ಕಲ್ಲು, ಮತ್ತೆ ಗ್ರಂಥಾಲಯ

ಹೊಸ ಕನ್ನಡ ಫಾಂಟ್ ಮಾಡಬೇಕು, ಇಲ್ಲವೇ ಪುಸ್ತಕದ ಮುಖಪುಟಕ್ಕೆ ಕೈಯಿಂದ ಅಕ್ಷರ ಬರೆಯಬೇಕು ಅಂತಿಟ್ಟುಕೊಳ್ಳಿ. ಜಾಸ್ತಿ ಜನ ಫೋನ್ ತೆಗೆದು ಚಿತ್ರ ಹುಡುಕುತ್ತಾರೆ, ಚಂದ ಕಂಡ ನಾಲ್ಕೈದನ್ನು ಸೇವ್ ಮಾಡಿಕೊಂಡು ಬರೆಯಲು ಕೂರುತ್ತಾರೆ. ಎಲ್ಲರೂ ನೋಡುವುದು ಅದೇ ನಾಲ್ಕೈದು ಚಿತ್ರವಾದ್ದರಿಂದ ಎಲ್ಲರ ಅಕ್ಷರವೂ ಒಂದೇ ಥರ ಕಾಣುತ್ತದೆ. ನಮ್ಮ ಲಿಪಿಗೆ ಒಂದೂವರೆ ಸಾವಿರ ವರ್ಷದ ದಾಖಲೆ ಇದೆ, ಅದರಲ್ಲಿ ಬಹಳಷ್ಟನ್ನು ಬಸ್ ಹತ್ತಿ ಹೋಗಿ ನೋಡಬಹುದು. ನೋಡದೇ ಬಿಡುವುದು ನಿಜಕ್ಕೂ ನಷ್ಟ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. 'ಕನ್ನಡ ಲಿಪಿಯ ಇತಿಹಾಸ' ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ತಲೆಕಟ್ಟು ಯಾವ ಕಾಲದಲ್ಲಿ ಹೇಗಿತ್ತು? ಒತ್ತಕ್ಷರ ಸಾಲಿನಿಂದ ಎಷ್ಟು ಕೆಳಗೆ ಇಳಿಯುತ್ತದೆ? ಅರ್ಕಾವೊತ್ತು ಎಲ್ಲಿ ಕೂರುತ್ತದೆ? ಇಂಥ ಒಂದೇ ಒಂದು ಪ್ರಶ್ನೆ ಸಾಕು. ಒತ್ತಕ್ಷರದ್ದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕೆಂದರೆ ಕನ್ನಡ ಪುಟದಲ್ಲಿ ಎರಡು ಸಾಲಿನ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನೇ ಅದು ತೀರ್ಮಾನಿಸುತ್ತದೆ.

ಈಗ ಗ್ರಂಥಾಲಯ. ಶಾಸನದ ಕಡೆಯಿಂದ ಹೋಗುವುದಾದರೆ ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳೇ ಮೊದಲ ಮೆಟ್ಟಿಲು. ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ, ಬೆಂಗಳೂರಿನದು 9ನೇ ಸಂಪುಟ. ನಿಮ್ಮೂರಿನ ಶಾಸನ ಹುಡುಕಿ, ಅದರ ಸಂಖ್ಯೆ, ಪಾಠ, ಅರ್ಥ ಬರೆದುಕೊಳ್ಳಿ. ಆದರೆ ಒಂದು ವಿಷಯ ಮರೆಯಬೇಡಿ: ಅಲ್ಲಿರುವ ಪಾಠ ಅಚ್ಚಿನ ಮೊಳೆಯಲ್ಲಿ, ಅಂದರೆ ಲೋಹದ ಬಿಡಿ ಅಕ್ಷರಗಳಲ್ಲಿ, ಜೋಡಿಸಿದ್ದು. ಕಲ್ಲಿನ ಮೇಲೆ ಏನು ಬರೆದಿದೆ ಅಂತ ಗೊತ್ತಾಗುತ್ತದೆ, ಹೇಗೆ ಬರೆದಿದೆ ಅಂತ ಗೊತ್ತಾಗುವುದಿಲ್ಲ. ಕೆಲವೇ ಶಾಸನಗಳ ಪಡಿಯಚ್ಚಿನ (ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಶಾಯಿ ಹಚ್ಚಿ ತೆಗೆದ ಪ್ರತಿಯ) ಚಿತ್ರ ಸಿಗುತ್ತದೆ, ಅಷ್ಟೆ. ವಿನ್ಯಾಸ ಮಾಡುವವರಿಗೆ ಬೇಕಾಗಿರುವುದೇ ಆ 'ಹೇಗೆ'. ಅದಕ್ಕೇ ಕಲ್ಲಿನ ಹತ್ತಿರ ಹೋಗಬೇಕು ಅನ್ನುವುದು. ಹಾಗಂತ ಪುಸ್ತಕ ಓದದೆ ನೇರ ಕಲ್ಲಿನ ಮುಂದೆ ನಿಂತರೆ ಯಾವುದು 'ವ', ಯಾವುದು 'ಪ' ಅಂತ ಗುರುತೇ ಸಿಗುವುದಿಲ್ಲ. ಪಾಠದ ಜೆರಾಕ್ಸ್ ಕೈಯಲ್ಲಿದ್ದರೆ ಒಂದೊಂದೇ ಅಕ್ಷರ ಹೊಂದಿಸಿಕೊಂಡು ಹೋಗಬಹುದು.

ಅಚ್ಚಿನ ಅಕ್ಷರ ನೋಡಬೇಕಾದರೆ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಹಳೆಯ ಪುಸ್ತಕಗಳನ್ನು ಕೇಳಿ ತರಿಸಿಕೊಳ್ಳಿ. 1843ರ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನದು, ಅಂದರೆ ಕೈಬರಹವೇ ಕಾಗದದ ಮೇಲೆ ಇಳಿದಿದೆ. 1894ರ ಕಿಟ್ಟೆಲ್ ನಿಘಂಟು ಮೊಳೆ ಜೋಡಿಸಿದ್ದು. ಎರಡರಲ್ಲೂ ಒತ್ತಕ್ಷರ ಇರುವ ಪದಗಳನ್ನು ಆರಿಸಿ ಅಕ್ಕಪಕ್ಕ ಇಟ್ಟು ನೋಡಿ, ಕೈ ಸಲೀಸಾಗಿ ಮಾಡಿದ್ದನ್ನು ಲೋಹದಲ್ಲಿ ಹೇಗೆ ಹೊಂದಿಸಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ನೆಟ್‌ನಲ್ಲೇ ಸಿಗುತ್ತದಲ್ವಾ ಅಂತ ಕೇಳಬಹುದು. ಓದಲು ಅದು ಸಾಕು, ಅಳೆಯಲು ಸಾಲದು. ಸ್ಕ್ಯಾನಿನಲ್ಲಿ ಅಕ್ಷರದ ನಿಜವಾದ ಗಾತ್ರ ತಿಳಿಯುವುದಿಲ್ಲ, ಶಾಯಿ ಕಾಗದದಲ್ಲಿ ಎಷ್ಟು ಹರಡಿದೆ ಅನ್ನುವುದೂ ಅಷ್ಟಾಗಿ ಕಾಣುವುದಿಲ್ಲ. ಸ್ಕೇಲ್ ಮತ್ತು ಭೂತಗನ್ನಡಿ ಒಯ್ಯಿರಿ.

ಹಳೆಯ ಸಂಗ್ರಹಗಳಿಗೆ ಹೋಗುವಾಗ ಕಾಲೇಜಿನ ಪತ್ರ, ಗುರುತಿನ ಚೀಟಿ ಇರಲಿ. ಪೆನ್ ಬೇಡ, ಪೆನ್ಸಿಲ್. ಫೋಟೊ ತೆಗೆಯುವ ಮುಂಚೆ ಕೇಳಿ, ಫ್ಲಾಶ್ ಹಾಕಲೇಬೇಡಿ. ಮುಖ್ಯವಾಗಿ, ಗ್ರಂಥಪಾಲಕರ ಹತ್ತಿರ ನಿಮ್ಮ ಪ್ರಶ್ನೆಯನ್ನೇ ಹೇಳಿ, ಬರೀ ಪುಸ್ತಕದ ಹೆಸರನ್ನಲ್ಲ. ಕ್ಯಾಟಲಾಗಿನಲ್ಲಿ ನೀವು ಹುಡುಕಲು ಯೋಚಿಸದೇ ಇದ್ದದ್ದನ್ನು ಅವರು ತೆಗೆದುಕೊಡುತ್ತಾರೆ. ಓಲೆಗರಿ ನೋಡುವ ಆಸೆ ಇದ್ದವರು 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಮೊದಲೇ ಬರೆದು ಅನುಮತಿ ಕೇಳಿ.

ಇನ್ನು ಹೊರಗಿನ ಕೆಲಸ. ಬೆಂಗಳೂರಿನವರಿಗೆ ಬೇಗೂರು ಹತ್ತಿರ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ 'ಬೆಂಗಳೂರು' ಅನ್ನುವ ಹೆಸರಿರುವ ಸುಮಾರು 890ರ ಶಾಸನವಿದೆ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ್ದು. ಸಮಯ ಇದ್ದರೆ ಬಾದಾಮಿ, ಐಹೊಳೆಗೆ ಹೋಗಲೇಬೇಕು. ಬಾದಾಮಿಯಲ್ಲಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ, ಬಂಡೆಯ ಮೇಲೆ ಕೊರೆದದ್ದು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನ. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು. ಎಷ್ಟು ಹದವಾಗಿ ಸಾಲು ಹಿಡಿದಿದ್ದಾರೆ ಅಂತ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ.

ಕಲ್ಲಿನ ಅಕ್ಷರ ಓದಿಸುವುದು ನೆರಳು. ಬಿಸಿಲು ಎದುರಿನಿಂದ ಬಿದ್ದರೆ ಕೊರೆತವೆಲ್ಲಾ ಚಪ್ಪಟೆ. ಬೆಳಕು ಗೋಡೆಗೆ ಒರಗಿಕೊಂಡು ಹಾಯಬೇಕು. ಪೂರ್ವಕ್ಕೆ ಮುಖ ಮಾಡಿದ ಗೋಡೆಯಾದರೆ ಎಳೆಬಿಸಿಲಿಗಿಂತ ಸೂರ್ಯ ಮೇಲೇರಿದ ಹೊತ್ತೇ ಒಳ್ಳೆಯದು, ಆಗ ಬೆಳಕು ಮೇಲಿನಿಂದ ಸವರಿಕೊಂಡು ಇಳಿಯುತ್ತದೆ. ಮಂಟಪದೊಳಗೆ ಕತ್ತಲಿದ್ದರೆ ಜೊತೆಯವರು ಟಾರ್ಚನ್ನು ಪಕ್ಕದಿಂದ ಹಿಡಿಯಲಿ. ಅದೇ ಸಾಲನ್ನು ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ತೆಗೆಯಿರಿ, ಒಂದು ಬೆಳಕಿನಲ್ಲಿ ಮುಚ್ಚಿಹೋದ ಗೀರು ಇನ್ನೊಂದರಲ್ಲಿ ಏಳುತ್ತದೆ. ಫೋಟೊದಲ್ಲಿ ಸ್ಕೇಲ್ ಇರಲಿ. ಸುಣ್ಣ, ಚಾಕ್‌ಪೀಸ್, ಅರಿಶಿನ ಬಳಿಯಬೇಡಿ, ದಯವಿಟ್ಟು. ಪಡಿಯಚ್ಚು ತೆಗೆಯುವುದು ಅನುಮತಿ ಇರುವ, ಕಲಿತವರ ಕೆಲಸ. ಫೋಟೊ ತೆಗೆದ ಮೇಲೂ ಕೂತು ಕೈಯಲ್ಲಿ ನಕಲು ಬರೆಯಿರಿ. ಉಳಿ ಎಲ್ಲಿ ಶುರುವಾಗಿ ಎಲ್ಲಿ ತಿರುಗಿದೆ ಅನ್ನುವುದು ಬರೆಯುವಾಗಲೇ ಹೊಳೆಯುವುದು.

ಇವತ್ತಿನ ಬೀದಿಯೂ ಹೊರಗಿನ ಕೆಲಸದ ಜಾಗವೇ. ಚಿಕ್ಕಪೇಟೆ, ಅವೆನ್ಯೂ ರಸ್ತೆ ಅಥವಾ ನಿಮ್ಮೂರಿನ ತೇರಿನ ಬೀದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೋರ್ಡ್ ಬಿಡದೆ ದಾಖಲಿಸಿ. ಚಂದದ್ದು ಮಾತ್ರ ಆರಿಸಬೇಡಿ, ಫ್ಲೆಕ್ಸ್ ಕೂಡ ತೆಗೆಯಿರಿ. ಬೋರ್ಡ್ ಬರೆಯುವ ಪೇಂಟರ್ ಸಿಕ್ಕರೆ ಅವರ ಅರ್ಧ ದಿನಕ್ಕೆ ಕೂಲಿ ಕೊಟ್ಟು, ನಿಮ್ಮ ಪದವನ್ನೇ ಬರೆಸಿ. ಒತ್ತಕ್ಷರಕ್ಕೆ ಜಾಗ ಸಾಲದಾಗ ಅವರು ಏನು ಮಾಡುತ್ತಾರೆ ಅಂತ ಬ್ರಷ್ಷಿನ ಹಿಂದೆ ಹಿಂದೆಯೇ ನೋಡಿ. ವಿಡಿಯೊ ಮಾಡುವುದಾದರೆ ಕೇಳಿ ಮಾಡಿ.

ಮನೆಗೆ ಬಂದ ದಿನವೇ ಪ್ರತಿ ಫೋಟೊಗೂ ಊರು, ಜಾಗ, ದಿನಾಂಕ, ಶಾಸನ ಸಂಖ್ಯೆ, ಬೆಳಕಿನ ದಿಕ್ಕು ಬರೆದಿಡಿ. ನಕಲು ಮಾಡಿದ ಅಕ್ಷರಗಳನ್ನು ಕಾಲದ ಪ್ರಕಾರ ಒಂದು ದೊಡ್ಡ ಹಾಳೆಯಲ್ಲಿ ಅಂಟಿಸಿ. ಅಲ್ಲಿ ಕಾಣುವ ಖಾಲಿ ಜಾಗಗಳ ಪಟ್ಟಿ ಹಿಡಿದುಕೊಂಡು ಮತ್ತೆ ಗ್ರಂಥಾಲಯಕ್ಕೆ ಹೋಗಿ. ಎರಡನೇ ಸಲ ನೀವು ಕೇಳುವ ಪುಸ್ತಕಗಳೇ ಬೇರೆ ಇರುತ್ತವೆ.