ಹಿಟ್ಟಿನ ಕೈ, ದಿನದ ನಮಾಜು: ಹೊಸದಾಗಿ ಕಲಿಯುವವರಿಗೆ

ಕಲಬುರಗಿಯಲ್ಲಿ ಸೂಫಿ ಸಂತ ಖ್ವಾಜಾ ಬಂದಾ ನವಾಜರ ದರ್ಗಾಕ್ಕೆ ಹೋಗುವ ದಾರಿಯ ಒಂದು ಓಣಿಯಲ್ಲಿ ನಮ್ಮ ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ, ಕಡಲೆ ಬೀಸುತ್ತೇವೆ. ಖಾರ ಕುಟ್ಟುವ ಮಷೀನು ಬೇರೆ. ನಾನು ಹುಟ್ಟಿದ್ದು ಜೇವರ್ಗಿ ಕಡೆಯ ಹಳ್ಳಿಯಲ್ಲಿ. ಮನೆಯಲ್ಲೂ ಕನ್ನಡ, ಶಾಲೆಯಲ್ಲೂ ಕನ್ನಡ. ಮದುವೆಯಾಗಿ ಇಲ್ಲಿಗೆ ಬಂದಾಗ ಉರ್ದು ಓದಲು ಬರುತ್ತಿರಲಿಲ್ಲ, ಈಗಲೂ ತಡವರಿಸಿಯೇ ಓದುತ್ತೇನೆ. ದೀನ್ (ಧರ್ಮ) ಕಲಿತದ್ದು ಹೆಚ್ಚಾಗಿ ಅತ್ತೆಯ ಪಕ್ಕದಲ್ಲಿ ನಿಂತು. ಡಬ್ಬಿ ಹಿಡಿದು ಬರುವ ಹುಡುಗಿಯರು, ಹೊಸ ಸೊಸೆಯಂದಿರು "ಆಪಾ, ನಮಗೂ ಉರ್ದು ಬರಂಗಿಲ್ಲ, ಎಲ್ಲಿಂದ ಸುರು ಮಾಡೋದು?" ಎಂದು ಕೇಳುತ್ತಾರೆ. ಹಿಟ್ಟು ಬೀಳುವ ತನಕ ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ನಿಯತ್ತಿನಿಂದ ಸುರು ಮಾಡಿ. "ಅವನು ನಿಯತ್ತಿನ ಮನುಷ್ಯ" ಎಂದು ನಮ್ಮ ಕಡೆ ಯಾವ ಜಾತಿಯವರೂ ಹೇಳುತ್ತಾರೆ. ಅರಬಿಯ ನಿಯ್ಯತ್ ಎಂಬ ಮಾತೇ ಕನ್ನಡದಲ್ಲಿ ಹೀಗೆ ನೆಲೆಸಿದೆ. ದೀನಿನಲ್ಲಿ ಅದರ ಅರ್ಥ ಮನಸ್ಸಿನ ಸಂಕಲ್ಪ. ಕೆಲಸಗಳ ಬೆಲೆ ನಿಯ್ಯತ್ತಿನ ಮೇಲೆ ನಿಂತಿದೆ ಎಂದು ಪ್ರವಾದಿಯವರು (ಸ, ಅಂದರೆ ಅವರ ಮೇಲೆ ಶಾಂತಿಯಿರಲಿ) ಹೇಳಿದ್ದಾರೆ. ನಮಾಜಿಗೆ ನಿಂತಾಗ ಇದು ಯಾವ ಹೊತ್ತಿನ ನಮಾಜು ಎಂದು ಮನಸ್ಸಿಗೆ ಗೊತ್ತಿದ್ದರೆ ನಿಯ್ಯತ್ ಆಯಿತು. ನಿಯ್ಯತ್ ಹೇಳುವ ಉರ್ದುವಿನ ಆ ಉದ್ದ ವಾಕ್ಯ ಬಾಯಿಪಾಠ ಇರಲೇಬೇಕೆಂದಿಲ್ಲ. ಅದು ಬರುವುದಿಲ್ಲವೆಂಬ ಹೆದರಿಕೆಯಲ್ಲಿ ನಾನು ಎಷ್ಟೋ ನಮಾಜು ತಪ್ಪಿಸಿದ್ದೇನೆ. ನೀವು ಹಾಗೆ ಮಾಡಬೇಡಿ.

ನಂಬುವ ಮಾತುಗಳು ಆರು: ಅಲ್ಲಾಹ್, ಅವನ ಫರಿಶ್ತೆಗಳು (ದೇವದೂತರು), ಅವನು ಇಳಿಸಿದ ಗ್ರಂಥಗಳು, ಕಳಿಸಿದ ಪ್ರವಾದಿಗಳು, ಕಿಯಾಮತ್ (ಕೊನೆಯ ತೀರ್ಪಿನ) ದಿನ, ತಕ್ದೀರ್ (ಅಲ್ಲಾಹ್ ಬರೆದ ವಿಧಿ). ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದರು ಅಲ್ಲಾಹನ ರಸೂಲರು (ಸಂದೇಶ ತಂದವರು) ಎನ್ನುವ ಕಲಿಮಾ ಇವೆಲ್ಲದರ ಬೀಗದ ಕೈ. ಹುಡುಗಿಯರಿಗೆ ತೊಡಕಾಗುವುದು ತಕ್ದೀರಿನಲ್ಲಿ. ಎಲ್ಲವೂ ಅವನ ಇಚ್ಛೆ ಎಂದಮೇಲೆ ನಾವೇಕೆ ದುಡಿಯಬೇಕು ಎನ್ನುತ್ತಾರೆ. ನಾನು ನಮ್ಮ ಅಪ್ಪನ ಕತೆ ಹೇಳುತ್ತೇನೆ. ಮಳೆ ಕೈಕೊಟ್ಟು ತೊಗರಿ ನಿಂತಲ್ಲೇ ಒಣಗಿದ ವರ್ಷ ಅಪ್ಪ "ಅಲ್ಲಾಹನ ಮರ್ಜಿ" ಎಂದು ಹೊಲದ ಬದುವಿನ ಮೇಲೆ ಸುಮ್ಮನೆ ಕೂತ. ಅದೇ ವಾರ ಮನೆಯಲ್ಲಿದ್ದ ಕಾಳಿನಲ್ಲಿ ಗಟ್ಟಿ ಕಾಳು ಆರಿಸಿ ಮುಂದಿನ ಬಿತ್ತನೆಗೆ ಗಡಿಗೆಯಲ್ಲಿ ತುಂಬಿಸಿ ಬಾಯಿ ಕಟ್ಟಿಟ್ಟ. ತಕ್ದೀರ್ ಎಂದರೆ ಆ ಎರಡೂ ಕೂಡಿ.

ಓದುವುದಕ್ಕೆ ಬರೋಣ. ಸೂರೆ (ಕುರಾನಿನ ಅಧ್ಯಾಯ) ಫಾತಿಹಾ ಏಳು ಆಯತ್ತು (ವಚನ). ಅದಾದ ಮೇಲೆ ನಾಲ್ಕು ಆಯತ್ತಿನ ಇಖ್ಲಾಸ್, ಮೂರೇ ಆಯತ್ತಿನ ಕೌಸರ್. ಇಷ್ಟು ಬಂದರೆ ನಮಾಜು ನಡೆಯುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ಊರುಗೋಲಿನಷ್ಟೇ ಇಟ್ಟುಕೊಳ್ಳಿ. ಅರಬಿಯಲ್ಲಿ ಗಂಟಲಿನ ಆಳದಿಂದ ಬರುವ ಒಂದು ಕಾಫ್ ಇದೆ, ನಮ್ಮ 'ಕ'ದ ಹಾಗಿನ ಇನ್ನೊಂದಿದೆ. ಮೊದಲನೆಯದರಲ್ಲಿ 'ಕಲ್ಬ್' ಎಂದರೆ ಹೃದಯ, ಎರಡನೆಯದರಲ್ಲಿ ನಾಯಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಹಾಗಾಗಿ ಓದಬಲ್ಲವರ ಎದುರು ಕೂತು, ಅವರ ಬಾಯಿ ನೋಡಿ ಕಲಿಯಿರಿ. ದಿನಕ್ಕೆ ಒಂದು ಆಯತ್ತು ಸಾಕು. ಅರ್ಥವನ್ನು ಮಾತ್ರ ಕನ್ನಡದಲ್ಲಿ ಓದಲೇಬೇಕು. ಫಾತಿಹಾದ ಅರ್ಥ ಗೊತ್ತಾದ ದಿನ ನನಗೆ ಬಾಯಿಪಾಠ ಒಪ್ಪಿಸಿದಂತೆ ಅನ್ನಿಸಲಿಲ್ಲ. "ನಮ್ಮನ್ನು ನೇರ ದಾರಿಯಲ್ಲಿ ನಡೆಸು" ಎಂದು ಬೇಡುತ್ತಿದ್ದೇನೆ ಎಂದು ತಿಳಿದು ಕಣ್ಣು ತುಂಬಿತು.

ವುಜೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಮಾಡಲು ಒಂದು ತಂಬಿಗೆ ನೀರು ಸಾಕು. ನಮ್ಮ ಓಣಿಗೆ ನಳ ದಿನವೂ ಬರುವುದಿಲ್ಲ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಪ್ರವಾದಿಯವರು ಒಂದು 'ಮುದ್' ನೀರಿನಲ್ಲಿ, ಹೆಚ್ಚು ಕಡಿಮೆ ಮುಕ್ಕಾಲು ಲೀಟರಿನಲ್ಲಿ, ವುಜೂ ಮಾಡುತ್ತಿದ್ದರು. ಬಿಸ್ಮಿಲ್ಲಾ ಹೇಳಿ ಮಣಿಕಟ್ಟಿನ ತನಕ ಕೈ ತೊಳೆಯಿರಿ, ಬಾಯಿ ಮುಕ್ಕಳಿಸಿ, ಮೂಗಿಗೆ ನೀರು ಏರಿಸಿ. ಮುಖ ತೊಳೆಯಿರಿ, ಆಮೇಲೆ ಮೊಣಕೈ ಸೇರಿ ತೋಳು, ಬಲಗೈ ಮೊದಲು. ಒದ್ದೆ ಕೈಯಿಂದ ತಲೆಯನ್ನೂ ಕಿವಿಯನ್ನೂ ಒಮ್ಮೆ ಸವರಿ ಕಾಲನ್ನು ಹರಡಿನ ತನಕ ತೊಳೆಯಿರಿ. ತೊಳೆಯುವುದೆಲ್ಲ ಮೂರು ಮೂರು ಸಲ. ರೊಟ್ಟಿ ಬಡಿದ ಕೈಯಾದರೆ ಮೊದಲು ಉಗುರು ನೋಡಿ. ಸಂದಿಯಲ್ಲಿ ಒಣಗಿ ಗಟ್ಟಿಯಾದ ಹಿಟ್ಟು ನೀರನ್ನು ತಡೆಯುತ್ತದೆ, ಕೆರೆದು ತೆಗೆಯಬೇಕು. ನೇಲ್ ಪಾಲಿಶ್ ಕೂಡ ಹಾಗೆಯೇ. ಮೆಹಂದಿಯ ಬಣ್ಣಕ್ಕೆ ಅಡ್ಡಿಯಿಲ್ಲ.

ದಿನಕ್ಕೆ ಫರ್ಜ್ (ಕಡ್ಡಾಯ) ರಕಾತುಗಳು (ನಿಂತು, ಬಾಗಿ, ಸಜ್ದಾ ಮಾಡುವ ಒಂದು ಸುತ್ತು) 17: ಫಜರಿಗೆ (ಬೆಳಗಿನ ಜಾವ) 2, ಜುಹರಿಗೆ (ಮಧ್ಯಾಹ್ನ) 4, ಅಸರಿಗೆ (ಇಳಿಹೊತ್ತು) 4, ಮಗ್ರಿಬಿಗೆ (ಸೂರ್ಯ ಮುಳುಗಿದ ಮೇಲೆ) 3, ಇಶಾಕ್ಕೆ (ರಾತ್ರಿ) 4. ಇಶಾದ ಮೇಲೆ ವಿತರ್ ಎಂಬ ನಮಾಜಿಗೆ 3. ಹೊಸಬರು ಮೊದಲು ಇವನ್ನು ಗಟ್ಟಿ ಮಾಡಿಕೊಳ್ಳಿ, ಸುನ್ನತ್ತುಗಳನ್ನು (ಪ್ರವಾದಿಯವರು ಓದುತ್ತಿದ್ದ ಹೆಚ್ಚಿನ ನಮಾಜುಗಳನ್ನು) ಒಂದೊಂದಾಗಿ ಸೇರಿಸುತ್ತ ಹೋಗಿ. ಒಂದೇ ವಾರ ರಾತ್ರಿಯೆಲ್ಲ ನಫಿಲ್ (ಕಡ್ಡಾಯವಲ್ಲದ ನಮಾಜು) ಓದಿ ಎಂಟನೆಯ ದಿನ ಫಜರಿಗೂ ಏಳದವರನ್ನು ನಾನು ನೋಡಿದ್ದೇನೆ. ಸ್ವಲ್ಪವೇ ಆದರೂ ಬಿಡದೆ ಮಾಡಿದ್ದು ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ನಮಾಜಿನಲ್ಲಿ ಮುಖ ಮಾಡಬೇಕಾದ ಮಕ್ಕಾದ ಕಾಬಾ ನಮ್ಮೂರಿಗೆ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ ಇದೆ. ಗಿರಣಿಯ ಹಿಂದಿನ ಕೋಣೆಯಲ್ಲಿ ಆ ಗೋಡೆಗೆ ನಾನು ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದೇನೆ.

ಗಿರಣಿ ನಡೆಸುವವರಿಗೆ ಜುಹರ್ ಸುಲಭ, ಮಗ್ರಿಬ್ ಕಷ್ಟ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ನಾಯಿಯೂ ಓಣಿಯಲ್ಲಿ ಕಾಲಿಡುವುದಿಲ್ಲ. ಬಿಸಿಲು ಉರಿಯುವಾಗ ಜುಹರನ್ನು ಸ್ವಲ್ಪ ತಂಪಾಗುವ ತನಕ ತಡಮಾಡಿ ಎಂದು ಪ್ರವಾದಿಯವರೇ ಹೇಳಿದ್ದಾರೆ. ಅರಬಸ್ತಾನದ ಬಿಸಿಲು ಕಂಡವರ ಈ ಕರುಣೆ ನಮ್ಮೂರಿಗೇ ಹೇಳಿದಂತಿದೆ. ಮಗ್ರಿಬಿನ ಹೊತ್ತು ಚಿಕ್ಕದು, ಗಿರಾಕಿಗಳು ಜಾಸ್ತಿ ಇರುವುದೂ ಆಗಲೇ. ನಾನು ಅಜಾನಿಗೆ ಮುಂಚೆ ಕೊನೆಯ ಡಬ್ಬಿ ಮುಗಿಸಿ, ಉಳಿದವರಿಗೆ "ಹತ್ತು ನಿಮಿಷ ಕೂಡ್ರಿ, ನಮಾಜ್ ಮುಗಿಸಿ ಬರ್ತೀನಿ" ಎನ್ನುತ್ತೇನೆ. ಇಷ್ಟು ವರ್ಷದಲ್ಲಿ ಯಾರೂ ಎದ್ದು ಹೋಗಿಲ್ಲ. ಎದುರು ಮನೆಯ ಲಿಂಗಾಯತರ ಅಜ್ಜಿ ತನ್ನ ಡಬ್ಬಿಯ ಜೊತೆ ಎಲ್ಲರ ಡಬ್ಬಿಯನ್ನೂ ಸಾಲಿಗೆ ಹಚ್ಚಿಟ್ಟಿರುತ್ತಾಳೆ.

ತಿಂಗಳ ದಿನಗಳಲ್ಲಿ ನಮಾಜೂ ಇಲ್ಲ, ರೋಜಾವೂ (ಉಪವಾಸವೂ) ಇಲ್ಲ. ತಪ್ಪಿದ ರೋಜಾಗಳನ್ನು ಆಮೇಲೆ ಹಿಡಿಯಬೇಕು, ನಮಾಜುಗಳನ್ನು ತೀರಿಸಬೇಕಾಗಿಲ್ಲ. ಆ ದಿನಗಳಲ್ಲಿ ದುವಾ (ಪ್ರಾರ್ಥನೆ), ತಸ್ಬೀಹ್ (ಅಲ್ಲಾಹನ ಸ್ಮರಣೆ) ಮಾಡಬಹುದು. ಇದನ್ನು ಯಾರೂ ಬಾಯಿಬಿಟ್ಟು ಹೇಳದೆ ಹುಡುಗಿಯರು ಒಳಗೊಳಗೇ ನೋಯುತ್ತಾರೆ. ನಾಚಿಕೆಯ ಮಾತು ಇದರಲ್ಲಿ ಏನೂ ಇಲ್ಲ.

ರಮಜಾನಿನಲ್ಲಿ ನಾನು ಬಹಳ ದಿನ ಕೊರಗಿದ್ದು ಹಿಟ್ಟಿನ ಧೂಳಿಗೆ. ಬೀಸುವಾಗ ಅದು ಗಂಟಲಿಗೆ ಇಳಿದೇ ಇಳಿಯುತ್ತದೆ. ರೋಜಾ ಮುರಿಯಿತೇನೋ ಎಂದು ಮೌಲಾನಾರನ್ನು ಕೇಳಿಸಿದಾಗ ತಿಳಿಯಿತು: ಬೇಕೆಂದು ನುಂಗದೆ ತಾನಾಗಿ ಒಳಹೋದ ಧೂಳಿನಿಂದ ರೋಜಾ ಮುರಿಯುವುದಿಲ್ಲ. ಹಳೆಯ ಫಿಕ್ಹ್ (ಧರ್ಮದ ಕಾನೂನು) ಗ್ರಂಥಗಳು ಗಿರಣಿಯ ಧೂಳಿನ ಹೆಸರನ್ನೇ ಹಿಡಿದು ಹೇಳಿವೆ. ನನ್ನಂಥವಳೊಬ್ಬಳು ಎಂದೋ ಎಲ್ಲೋ ಇದೇ ಪ್ರಶ್ನೆ ಕೇಳಿರಬೇಕು ಎಂದು ಅಂದು ಎಷ್ಟು ಸಮಾಧಾನವಾಯಿತು! ಮರೆತು ತಿಂದರೂ ಕುಡಿದರೂ ರೋಜಾ ಉಳಿಯುತ್ತದೆ, ನೆನಪಾದ ಕೂಡಲೇ ನಿಲ್ಲಿಸಬೇಕು ಅಷ್ಟೆ.

ಜಕಾತ್ (ಬಡವರಿಗೆ ಕೊಡಲೇಬೇಕಾದ ಪಾಲು) ಲೆಕ್ಕ ಖಾತೆ ವಹಿ ಇಟ್ಟವರಿಗೆ ಕಷ್ಟವಲ್ಲ. ಸಾಲ ಕಳೆದು, ಕೈಯಲ್ಲಿನ ಹಣ, ಬಂಗಾರ, ಬೆಳ್ಳಿ, ಮಾರುವ ಸರಕು ಕೂಡಿ ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆ ಮುಟ್ಟಿ ಒಂದು ಚಾಂದ್ರ ವರ್ಷ ತುಂಬಿದರೆ ನೂರಕ್ಕೆ ಎರಡೂವರೆ ಕೊಡಬೇಕು. ಬೀಸುವ ಯಂತ್ರಕ್ಕೂ ಇರುವ ಮನೆಗೂ ಜಕಾತ್ ಇಲ್ಲ. ಮಾರಲು ತಂದಿಟ್ಟ ಗೋಧಿಗೆ ಇದೆ. ನಿಮ್ಮ ಮೈಮೇಲಿನ ಬಂಗಾರ ನಿಮ್ಮದೇ ಆಗಿದ್ದರೆ ಲೆಕ್ಕ ಹಾಕಬೇಕಾದವರೂ ನೀವೇ, ಗಂಡ ಅಲ್ಲ. ಅಕ್ಕ ತಂಗಿ ಬಡವರಾದರೆ ಅವರಿಗೆ ಕೊಡಬಹುದು. ತಾಯಿ ತಂದೆಗೂ ಮಕ್ಕಳಿಗೂ ಕೊಡಬಾರದು, ಅವರನ್ನು ಸಾಕುವುದು ಹೇಗೂ ನಮ್ಮದೇ ಹೊಣೆ.

ಈಗ ನನಗೆ ಎಲ್ಲಕ್ಕಿಂತ ಭಾರವಾದ ಮಾತು. ಹಕ್ಕು ಕೂಡ ಅರಬಿಯಿಂದ ಬಂದ ನಮ್ಮ ಕನ್ನಡ ಮಾತು. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ಅವನು ಕ್ಷಮಿಸಬಹುದು. ಮನುಷ್ಯರ ಹಕ್ಕಿನಲ್ಲಿ ತಪ್ಪಿದರೆ ಆ ಮನುಷ್ಯರಿಗೇ ತಿರುಗಿಸಬೇಕು. ಕೆಲವು ವರ್ಷದ ಹಿಂದೆ ನಮ್ಮ ತೂಕದ ಮಷೀನು ಕೆಟ್ಟು ಪ್ರತಿ ಡಬ್ಬಿಗೆ ನೂರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಒಂದು ಡಬ್ಬಿಗೆ ಬಿದ್ದ ಹೆಚ್ಚಿನ ಹಣ ಅರ್ಧ ರೂಪಾಯಿ. ಯಜಮಾನರು "ಬೇಕಂತ ಮಾಡಿಲ್ಲಲ್ಲ" ಎಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸೂರೆ ಮುತಫ್ಫಿಫೀನ್ ಸುರುವಾಗುವುದೇ ತೂಕದಲ್ಲಿ ಮೋಸ ಮಾಡುವವರಿಗೆ ನಾಶ ಎಂಬ ಮಾತಿನಿಂದ: ತಮಗೆ ಅಳೆದುಕೊಳ್ಳುವಾಗ ಪೂರ್ತಿ, ಬೇರೆಯವರಿಗೆ ಅಳೆಯುವಾಗ ಕಡಿಮೆ. ಗೊತ್ತಿಲ್ಲದೆ ಆದದ್ದು ಮೋಸವಲ್ಲ, ನಿಜ. ಗೊತ್ತಾದ ಮೇಲೂ ಇಟ್ಟುಕೊಂಡರೆ?

ತೌಬಾ (ಪಶ್ಚಾತ್ತಾಪ) ಹೇಗೆ ಮಾಡಬೇಕೆಂದು ಕೇಳುವವರಿಗೆ ನಾವು ಮಾಡಿದ್ದನ್ನೇ ಹೇಳುತ್ತೇನೆ. ತಪ್ಪನ್ನು ಕೂಡಲೇ ನಿಲ್ಲಿಸಬೇಕು: ಮಷೀನು ಮರುದಿನವೇ ಬದಲಾಯಿತು. ಮನಸ್ಸಿನಲ್ಲಿ ನೊಂದು, ಮತ್ತೆ ಮಾಡುವುದಿಲ್ಲವೆಂದು ಗಟ್ಟಿ ಮಾಡಿಕೊಳ್ಳಬೇಕು: ಈಗ ಪ್ರತಿ ಜುಮ್ಮಾ (ಶುಕ್ರವಾರ) ದಿನ ಒಂದು ಕಿಲೋ ಬಟ್ಟು ಇಟ್ಟು ಪರೀಕ್ಷಿಸುತ್ತೇನೆ. ಕೊನೆಯದು ಹಕ್ಕು ತಿರುಗಿಸುವುದು. ಗುರುತಿನ ಗಿರಾಕಿಗಳು ಬಂದಾಗ ಹೀಗೆ ಹೀಗಾಗಿತ್ತು ಎಂದು ಹೇಳಿ ಒಂದು ಡಬ್ಬಿ ಬಿಟ್ಟಿ ಬೀಸಿಕೊಟ್ಟೆವು. ಗುರುತಿಲ್ಲದವರ ಲೆಕ್ಕ ಅಂದಾಜು ಮಾಡಿ ಅವರ ಹೆಸರಿನಲ್ಲಿ ಬಡವರಿಗೆ ಕೊಟ್ಟೆವು. ಎದುರು ಮನೆಯ ಅಜ್ಜಿ "ಎಂಟಾಣೆಗೆ ಇಷ್ಟ್ಯಾಕ ಅಳ್ತಿ ಮಗಳೆ?" ಎಂದು ನನ್ನ ಕೆನ್ನೆಯ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಅಲ್ಲಾಹ್ ಅವಳನ್ನು ಚೆನ್ನಾಗಿ ಇಟ್ಟಿರಲಿ.

ಬೇರೆ ಉದ್ಯೋಗದವರು ತಮ್ಮ ತಕ್ಕಡಿ ಯಾವುದು ಎಂದು ಹುಡುಕಿಕೊಳ್ಳಿ. ಟೇಲರಿಗೆ ಉಳಿದ ಬಟ್ಟೆ, ಆಟೋದವರಿಗೆ ಮೀಟರು.

ದರ್ಗಾಕ್ಕೆ ಹೋದರೆ ಸಲಾಂ ಹೇಳಿ, ಫಾತಿಹಾ ಓದಿ, ಬೇಡುವುದನ್ನು ಅಲ್ಲಾಹನಲ್ಲಿ ಬೇಡಿ. ಖ್ವಾಜಾರು ದಿಲ್ಲಿಯಿಂದ ಈ ಊರಿಗೆ ಬಂದಾಗ 80 ವರ್ಷದ ಆಸುಪಾಸಿನಲ್ಲಿದ್ದರು, 1422ರಲ್ಲಿ ತೀರಿಕೊಳ್ಳುವ ತನಕ ಇಲ್ಲೇ ಕಲಿಸುತ್ತ ಇದ್ದರು. ಕಲಿಯಲು ವಯಸ್ಸಾಯಿತು ಎನ್ನುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಮಲಗುವ ಮುಂಚೆ ಮಾಡುವುದೊಂದಿದೆ. ಪ್ರವಾದಿಯವರ ಮಗಳು ಫಾತಿಮಾರಿಗೆ (ರ, ಅಂದರೆ ಅಲ್ಲಾಹ್ ಅವರನ್ನು ಮೆಚ್ಚಲಿ) ಬೀಸುವ ಕಲ್ಲು ತಿರುಗಿಸಿ ಕೈ ನೊಂದಿತ್ತು. ಕೆಲಸಕ್ಕೆ ಒಬ್ಬ ಆಳು ಬೇಕೆಂದು ತಂದೆಯನ್ನು ಕೇಳಲು ಹೋದರು. ಆಳಿಗಿಂತ ಒಳ್ಳೆಯದನ್ನು ಹೇಳಿಕೊಡುತ್ತೇನೆ ಎಂದು ತಂದೆ ಕಲಿಸಿದ್ದು ಇದು: ಹಾಸಿಗೆಗೆ ಬಂದಾಗ 33 ಸಲ ಸುಬ್ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್. ನನಗೆ ಇದನ್ನು ಮೊದಲು ಹೇಳಿದಾಗ ನಮ್ಮ ಅವ್ವ ನೆನಪಾದಳು. ಬೆಳಗಿನ ಜಾವ ಬೀಸುವ ಪದ ಹಾಡುತ್ತ ಜೋಳ ಬೀಸುತ್ತಿದ್ದಳು, ಅಂಗೈಯಲ್ಲಿ ಕಲ್ಲಿನ ಗೂಟದ ಜಡ್ಡು ಕೊನೆಯ ತನಕ ಹೋಗಲಿಲ್ಲ. ಎಣಿಸಲು ಮಣಿಸರ ಬೇಕಿಲ್ಲ. ಹತ್ತು ಬೆರಳನ್ನು ಮೂರು ಸಲ ಮಡಿಸಿ, ಮೇಲೆ ಮೂರು ಬೆರಳು. ಕೊನೆಯದಕ್ಕೆ ಮಾತ್ರ ಇನ್ನೊಂದು. ಮಷೀನಿನ ಸದ್ದು ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿರುವಾಗ ಸುರು ಮಾಡುತ್ತೇನೆ, ಮೂವತ್ತನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ಅದು ನಿಂತಿರುತ್ತದೆ.