ನಾಯಿಗೆ ಹೆಸರಿಡುವ ಮುಂಚೆ ಒಮ್ಮೆ ಕೂಗಿ ನೋಡಿ

ಮರಿ ಮನೆಗೆ ಬಂದ ದಿನವೇ ಹೆಸರಿಟ್ಟುಬಿಡಬೇಕು ಅಂತೇನೂ ಇಲ್ಲ. ಎರಡು ಮೂರು ದಿನ ಸುಮ್ನೆ ನೋಡಿ. ಎಲ್ಲಿ ಮಲಗುತ್ತದೆ, ಯಾರ ಕಾಲಿಗೆ ತೊಡರಿಕೊಳ್ಳುತ್ತದೆ, ಪಾತ್ರೆ ಬಿದ್ದ ಸದ್ದಾದರೆ ಓಡಿ ಬರುತ್ತದೋ ಮಂಚದ ಕೆಳಗೆ ನುಸುಳುತ್ತದೋ. ಹೆಸರು ಅಲ್ಲೇ ಎಲ್ಲೋ ಸಿಗುತ್ತದೆ. ಈಗ ನಮ್ಮ ಮನೆಯಲ್ಲಿರುವವಳಿಗೆ ಎಡಗಣ್ಣಿನ ಮೇಲೆ ಹುಣಸೆಬೀಜದಷ್ಟು ಬಿಳಿ ಮಚ್ಚೆ. ಮೊಮ್ಮಕ್ಕಳು ಫೋನಿನಲ್ಲಿ ಹುಡುಕಿ ಉದ್ದದ ಪಟ್ಟಿಯನ್ನೇ ತಂದಿದ್ದರು, ಕೊನೆಗೆ ಉಳಿದಿದ್ದು ಚುಕ್ಕಿ.

ಮೈ ನೋಡಿ ಹೆಸರಿಡುವಾಗ ಸ್ವಲ್ಪ ಹುಷಾರು. ಪುಟ್ಟ ಅಂತ ಕರೆದ ಮರಿ ವರ್ಷ ತುಂಬುವಷ್ಟರಲ್ಲಿ ಸೋಫಾ ಪೂರ್ತಿ ಆಕ್ರಮಿಸಿಕೊಳ್ಳಬಹುದು. ಬಣ್ಣವೂ ಬದಲಾಗುತ್ತದೆ. ಡಾಲ್ಮೇಷಿಯನ್ ಮರಿಗಳು ಹುಟ್ಟುವಾಗ ಬರೀ ಬಿಳಿ, ಆ ಕಪ್ಪು ಚುಕ್ಕೆಗಳೆಲ್ಲ ಆಮೇಲೆ ಮೂಡುವಂಥವು.

ಇನ್ನು ಸದ್ದು. ನನ್ನ ಕೇಳಿದರೆ ಅರ್ಥಕ್ಕಿಂತ ಇದೇ ಜಾಸ್ತಿ ಮುಖ್ಯ, ಯಾಕಂದ್ರೆ ಅರ್ಥ ಬೇಕಾಗಿರೋದು ನಮಗೆ, ನಾಯಿಗಲ್ಲ. ಎರಡಕ್ಷರ ಸಾಕು. ಕ, ಟ, ಚ ಇದ್ದರೆ ದೂರದಿಂದಲೂ ಕಿವಿಗೆ ಬೀಳುತ್ತದೆ, ಕೊನೆಯ ಸ್ವರವನ್ನು ಎಳೆದು 'ಚುಕ್ಕೀ' ಅಂತ ಕೂಗೋಕೂ ಸಲೀಸು. ಒಂದು ತಪ್ಪು ನಾನೇ ಮಾಡಿದ್ದೆ. ಹಿಂದೆ ಇದ್ದವನಿಗೆ ಪ್ರೀತಿಯಿಂದ ಬಾಬು ಅಂತ ಇಟ್ಟೆ. 'ಬಾ' ಅಂದರೆ ಬರಬೇಕು ಅಂತ ಕಲಿಸಿದವಳೂ ನಾನೇ. ಆಮೇಲೆ ನೋಡಿ ಪಜೀತಿ, ನೆಲ ಒರೆಸುತ್ತಾ "ಬಾಬು, ಅಲ್ಲೇ ಇರು" ಅನ್ನುವಷ್ಟರಲ್ಲಿ ನಾಲ್ಕೂ ಕೆಸರುಗಾಲು ಒದ್ದೆ ನೆಲದ ಮೇಲೆ, ಬಾಲ ಬೇರೆ ಅಲ್ಲಾಡಿಸಿಕೊಂಡು! ಅವನದೇನು ತಪ್ಪು, ಕರೆದಿದ್ದು ನಾನೇ ಅಲ್ವಾ. ಮನೆಯವರ ಹೆಸರಿಗೆ ಹತ್ತಿರದ ಸದ್ದೂ ಬೇಡ. ಯಾರ ಮೇಲಿನ ಸಿಟ್ಟಿಗೋ ಅವರ ಹೆಸರಿಡುವುದಂತೂ ಬೇಡವೇ ಬೇಡ.

ಹೆಸರು ಗಟ್ಟಿ ಮಾಡುವ ಮುಂಚೆ ಬಾಗಿಲಲ್ಲಿ ನಿಂತು ಐದಾರು ಸಲ ಜೋರಾಗಿ ಕೂಗಿ. ನಾಚಿಕೆಯಾದರೆ ಆ ಹೆಸರು ಬಿಟ್ಟುಬಿಡಿ.

ದೊಡ್ಡ ಅರ್ಥವೇ ಇರಬೇಕು ಅಂತ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. 1957ರಲ್ಲಿ ಬಾಹ್ಯಾಕಾಶಕ್ಕೆ ಹೋದ ಲೈಕಾಳ ಹೆಸರಿಗೆ ರಷ್ಯನ್ ಭಾಷೆಯಲ್ಲಿ 'ಬೊಗಳುವವಳು' ಅಂತಷ್ಟೇ ಅರ್ಥ. ಜಪಾನಿನ ಹಚಿಕೋ ಗೊತ್ತಲ್ಲ, 1925ರಲ್ಲಿ ಯಜಮಾನ ತೀರಿಕೊಂಡ ಮೇಲೂ 1935ರಲ್ಲಿ ತಾನು ಸಾಯುವ ತನಕ ರೈಲ್ವೆ ನಿಲ್ದಾಣದಲ್ಲಿ ಕಾದವನು. 'ಹಚಿ' ಅಂದರೆ ಎಂಟು. ಬರೀ ಒಂದು ಅಂಕಿ.

ಹೆಸರಿಟ್ಟ ಮೇಲೆ ಮನೆಯವರೆಲ್ಲ ಅದನ್ನೇ ಕರೆಯಬೇಕು, ಮೊದಲ ಕೆಲವು ವಾರ ಮುದ್ದಿನ ಹೆಸರುಗಳನ್ನು ತಡೆದಿಟ್ಟುಕೊಳ್ಳಿ. ಹೆಸರು ಹೇಳಿ, ತಿರುಗಿ ನೋಡಿದ ತಕ್ಷಣ ಒಂದು ಚೂರು ತಿಂಡಿ ಕೊಡಿ. ಬೈಯುವಾಗ ಮಾತ್ರ ಹೆಸರು ಎತ್ತಬೇಡಿ, ಆಮೇಲೆ ಕರೆದರೆ ಹತ್ತಿರ ಬರೋಕೇ ಹಿಂಜರಿಯುತ್ತದೆ. ಬೆಳೆದ ನಾಯಿಯನ್ನು ತಂದಿದ್ದರೆ, ಹಳೆ ಹೆಸರು ಹಿಡಿಸದಿದ್ದರೂ ಒಮ್ಮೆಲೇ ಕಿತ್ತುಹಾಕಬೇಡಿ. ಸ್ವಲ್ಪ ದಿನ ಹೊಸದನ್ನು ಮೊದಲು, ಹಳೆಯದನ್ನು ಹಿಂದೆಯೇ ಸೇರಿಸಿ ಕರೆಯಿರಿ. ಹೊಸದಕ್ಕೇ ಕಿವಿ ನಿಮಿರತೊಡಗಿದಾಗ ಹಳೆಯದನ್ನು ಬಿಡಬಹುದು.