ಬೋರ್ ಹೊಡೆಸುವ ಮುಂಚೆ ಗಾಳಿ ತುಂಬಿ ನೋಡಿ: ಆರ್‌ಎಕ್ಸ್ 100 ಮನೆಯಲ್ಲೇ ಬಿಚ್ಚಿ ಕಟ್ಟಿದ ಅನುಭವ

ಆರ್‌ಎಕ್ಸ್ 100 ಎಂಬ ಯಮಹಾ ಬೈಕು ಸೀಜ್ ಆಯಿತೆಂದರೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡರೆ, ಚಿಕ್ಕಬಳ್ಳಾಪುರವಾಗಲಿ ಚಿಂತಾಮಣಿಯಾಗಲಿ, ಮೊದಲು ಕೇಳಿಬರುವ ಮಾತು ಒಂದೇ: "ಬೋರ್ ಹೊಡೆಸ್ಬಿಡಿ." ಸಿಲಿಂಡರಿನ ಒಳಗೋಡೆ ಕೊರೆಸಿ ಹಿಗ್ಗಿಸಿ ಎಂದರ್ಥ. ಹಾಗೆ ಹೊಡೆಸಿ ಹೊಸ ಪಿಸ್ಟನ್ ಹಾಕಿದ ಗಾಡಿ ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. ಓವರ್‌ಸೈಜ್ ಪಿಸ್ಟನ್ ಇರುವುದು 0.25, 0.50, 0.75, 1.00 ಮಿ.ಮೀ. ಎಂದು ನಾಲ್ಕೇ ಮೆಟ್ಟಿಲು. ಅವು ಮುಗಿದರೆ ಸಿಲಿಂಡರಿನೊಳಗೆ ಹೊಸ ಸ್ಲೀವ್ (ಒಳಕೊಳವೆ) ಕೂರಿಸಬೇಕು. 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಗಾಡಿಯ ಒರಿಜಿನಲ್ ಬ್ಲಾಕನ್ನು (ಸಿಲಿಂಡರನ್ನು) ಹೀಗೆ ತಿಂದುಹಾಕುವುದು ನನಗೆ ಸರಿ ಕಾಣುವುದಿಲ್ಲ.

ಟು ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಒಂದು ಪಂಪು. ಪಿಸ್ಟನ್ ಮೇಲಕ್ಕೆ ಹೋದಾಗ ಕಾರ್ಬೊರೇಟರಿನಿಂದ ಪೆಟ್ರೋಲ್, ಗಾಳಿಯ ಮಿಶ್ರಣ ಎಳೆದುಕೊಳ್ಳುತ್ತದೆ, ಕೆಳಗಿಳಿದಾಗ ಮೇಲಕ್ಕೆ ತಳ್ಳುತ್ತದೆ. ಈ ಪಂಪಿನಲ್ಲಿ ಎಲ್ಲೋ ಒಂದು ಕಡೆ ಸೋರಿಕೆಯಿದ್ದರೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರುತ್ತದೆ. ಅದರ ಜೊತೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಪಿಸ್ಟನ್ ಕಾದು ಹಿಗ್ಗಿ ಹಿಡಿಯುತ್ತದೆ. ಬೋರ್ ಹೊಡೆಸಿದರೆ ಗಾಯಕ್ಕೆ ಪಟ್ಟಿ ಕಟ್ಟಿದಂತಾಯಿತು, ಅಷ್ಟೇ.

ಎಡಗಡೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಹೋದರೆ ಹೊರಗಿನ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ತಕ್ಷಣ ಇಳಿಯದೆ ತೂಗಾಡುತ್ತದೆ, ಸ್ಪಾರ್ಕ್ ಪ್ಲಗ್ ಬೆಳ್ಳಗಿರುತ್ತದೆ. ಬಲಗಡೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನೇ ಕುಡಿಯುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಕಡಿಮೆಯಾಗುತ್ತ ಹೋಗುತ್ತದೆ, ಕೆಳಗೆ ಮಾತ್ರ ಒಂದು ಹನಿಯೂ ಬಿದ್ದಿರುವುದಿಲ್ಲ. ಆ ಹೊಗೆ ನೋಡಿ ರಿಂಗ್ ಬದಲಿಸುವವರೇ ಹೆಚ್ಚು.

ಸೋರಿಕೆ ಎಲ್ಲಿದೆ ಎಂದು ಇಂಜಿನ್ನಿಗೆ ಗಾಳಿ ತುಂಬಿ ನೋಡುವ ಪರೀಕ್ಷೆಗೆ ಬೇಕಾದದ್ದು ಹಳೆಯ ಮುಳ್ಳಿನ ಬಿ.ಪಿ. ನೋಡುವ ಯಂತ್ರ. ಕೈಗೆ ಸುತ್ತುವ ಪಟ್ಟಿ ಬೇಡ. ಬಲೂನು, ಟ್ಯೂಬು, ಮೀಟರು ಸಾಕು. ಅದರ ಕೊನೆಯ ಗೆರೆ 300, ಅಂದರೆ ಸುಮಾರು 5.8 ಪಿಎಸ್ಐ. ನಮಗೆ ಬೇಕಾದ ಒತ್ತಡ 5 ಪಿಎಸ್ಐ, ಮುಳ್ಳು 260ರ ಹತ್ತಿರ. ಕಂಪ್ರೆಸರ್ ಹತ್ತಿರಕ್ಕೂ ತರಬೇಡಿ. ಒಳ್ಳೆಯ ಸೀಲನ್ನೂ ಅದು ಜಾಗದಿಂದ ಹೊರಗೆ ತಳ್ಳಿಬಿಡುತ್ತದೆ.

ಕಾರ್ಬೊರೇಟರ್, ಸೈಲೆನ್ಸರ್ ಎರಡನ್ನೂ ಬಿಚ್ಚಿ. ಮುಚ್ಚಲು ಎರಡು ರಬ್ಬರ್ ಬಿರಡೆ ಬೇಕು. ದಪ್ಪ ರಬ್ಬರ್ ತುಂಡಿನ ನಡುವೆ ಬೋಲ್ಟ್ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು ನಟ್ ಬಿಗಿದರೆ ರಬ್ಬರ್ ಉಬ್ಬಿ ತೂತನ್ನು ಗಟ್ಟಿಯಾಗಿ ಮುಚ್ಚುತ್ತದೆ. ಒಂದು ಎಕ್ಸಾಸ್ಟ್ ಬಾಯಿಗೆ, ಇನ್ನೊಂದು ಕಾರ್ಬೊರೇಟರ್ ಕೂರುವ ರಬ್ಬರ್ ಜಾಯಿಂಟಿಗೆ. ಎರಡನೆಯದರ ಬೋಲ್ಟಿಗೆ ಉದ್ದಕ್ಕೂ ತೂತು ಕೊರೆಸಿ ಬಿ.ಪಿ. ಟ್ಯೂಬ್ ಸಿಕ್ಕಿಸಬೇಕು. ಪ್ಲಗ್ ಬಿಗಿದಿರಲಿ, 2ಟಿ ಆಯಿಲ್ (ಪೆಟ್ರೋಲಿನ ಜೊತೆ ಉರಿಯುವ ಆಯಿಲ್) ಬರುವ ಸಣ್ಣ ಪೈಪಿನ ಬಾಯಿಯನ್ನೂ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ; ಆಗ ಸಿಲಿಂಡರ್ ಗೋಡೆಯ ಕಿಂಡಿ, ಅಂದರೆ ಪೋರ್ಟ್ ತೆರೆದು ಕ್ರ್ಯಾಂಕ್ ಕೇಸ್, ಸಿಲಿಂಡರ್ ಎರಡೂ ಒಂದಾಗುತ್ತವೆ.

ಪ್ಲಗ್ ತೂತಿನಿಂದ ಯಾಕೆ ಗಾಳಿ ಹಾಕಬಾರದು? ಒಳಗಿಂದ ಒತ್ತಿದರೆ, ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ರೀಡ್ ವಾಲ್ವ್ ಮುಚ್ಚಿಕೊಳ್ಳುತ್ತದೆ. ಅದರಾಚೆಗಿನ ಗ್ಯಾಸ್ಕೆಟ್, ರಬ್ಬರ್ ಜಾಯಿಂಟ್ ಪರೀಕ್ಷೆಯಾಗುವುದೇ ಇಲ್ಲ. ಹಳೆಯ ಗಾಡಿಯಲ್ಲಿ ಬಿರುಕು ಬಿಟ್ಟಿರುವುದು ಬಹುಪಾಲು ಆ ರಬ್ಬರೇ.

260ಕ್ಕೆ ಏರಿಸಿ ಐದು ನಿಮಿಷ ಕಾಯಿರಿ. 20ರಷ್ಟು ಇಳಿದರೆ ಪರವಾಗಿಲ್ಲ ಎಂದು ಬಿಟ್ಟುಬಿಡುತ್ತೇನೆ. ಅದಕ್ಕಿಂತ ಹೆಚ್ಚು ಇಳಿದರೆ ಸೋಪಿನ ನೊರೆ ಬ್ರಶ್‌ನಲ್ಲಿ ಹಚ್ಚುತ್ತಾ ಹೋಗಬೇಕು: ರಬ್ಬರ್ ಜಾಯಿಂಟ್, ರೀಡ್ ಬ್ಲಾಕ್, ಬ್ಲಾಕಿನ ಬುಡ, ಹೆಡ್, ಕ್ರ್ಯಾಂಕ್ ಕೇಸಿನ ನಡುಗೆರೆ. ಮೊದಲು ನೊರೆ ಬಿರಡೆಗಳಿಗೇ ಹಚ್ಚಿ. ಅರ್ಧ ಸಲ ಸೋರುತ್ತಿರುವುದು ಅವೇ. ಮ್ಯಾಗ್ನೆಟ್ ಕಳಚಿದರೆ ಎಡ ಸೀಲ್ ಕಾಣುತ್ತದೆ. ಬಲ ಸೀಲಿನ ಗಾಳಿ ಗೇರ್ ಬಾಕ್ಸಿನೊಳಗೆ ಹೋಗುವುದರಿಂದ ಗೇರ್ ಆಯಿಲ್ ಹಾಕುವ ಬಾಯಿಗೆ ನೊರೆಯ ಪೊರೆ ಎಳೆದು ನೋಡಿ. ಅದು ಗುಮ್ಮಟದಂತೆ ಮೆಲ್ಲಗೆ ಉಬ್ಬಿದರೆ ಬಲ ಸೀಲ್ ಹೋಗಿದೆ.

ಕ್ರ್ಯಾಂಕ್ ಕೇಸ್ ಬಿಡಿಸಬೇಕಾಗಿ ಬಂದರೆ ಪುಲ್ಲರ್ ಬಳಸಿ, ಸುತ್ತಿಗೆ ಬೇಡ. ಕ್ರ್ಯಾಂಕ್ ಬಿಡಿ ಭಾಗಗಳನ್ನು ಪ್ರೆಸ್ ಮಾಡಿ ಕೂಡಿಸಿದ್ದು. ತುದಿಗೆ ಒಂದೇಟು ಬಿದ್ದರೂ ಓರೆಯಾಗುತ್ತದೆ. ಕನೆಕ್ಟಿಂಗ್ ರಾಡ್ ಕಿಟ್ ಹಾಕಿಸಿದರೆ ಕ್ರ್ಯಾಂಕ್ ತಿರುಗುವಾಗಿನ ಓಲಾಟ ಡಯಲ್ ಗೇಜಿನಲ್ಲಿ 0.03 ಮಿ.ಮೀ. ಒಳಗಿದೆಯೇ ಎಂದು ಎದುರಿಗೇ ನಿಂತು ನೋಡಿ. ಹೊಸ ಬೇರಿಂಗಿನ ನಂಬರಿನ ಜೊತೆ ಅದರ ಪಕ್ಕದ ಸಿ3 ತರದ ಅಕ್ಷರವೂ ಹಳೆಯದಕ್ಕೆ ಹೊಂದಬೇಕು. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಕೇಸನ್ನು ದೋಸೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಸಮನಾಗಿ ಕಾಯಿಸಿ, ನೀರಿನ ಹನಿ ಚುರ್ ಎಂದಾಗ ಬೇರಿಂಗ್ ಇಟ್ಟರೆ ತಾನೇ ಇಳಿದು ಕೂರುತ್ತದೆ. ಈ ಹಂಚನ್ನು ಮತ್ತೆ ಅಡುಗೆಮನೆಗೆ ಒಯ್ಯುವ ಆಸೆ ಬೇಡ. ಎರಡು ಹೋಳುಗಳ ನಡುವೆ ಅನಾಬಾಂಡ್ ಅಂಟು ತೆಳ್ಳಗೆ ಸಾಕು. ಒಂದು ಹೋಳು ಮಾತ್ರ ಬೇರೆ ಇಂಜಿನ್‌ನದು ತಂದು ಹಾಕಬೇಡಿ. ಎರಡೂ ಜೋಡಿಯಾಗಿಯೇ ತಯಾರಾದವು, ಮೇಲಾಗಿ ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಇರುವುದು ಕೇಸಿನ ಮೇಲೆಯೇ.

ಸೋರಿಕೆ ಮುಗಿದ ಮೇಲೆ ಬೋರಿನ ಮಾತು. 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕ್, 98 ಸಿಸಿ. ಲೇತ್ ಶಾಪಿಗೆ ಬ್ಲಾಕ್ ಒಂದನ್ನೇ ಕೊಡಬೇಡಿ, ಹೊಸ ಪಿಸ್ಟನನ್ನೂ ಕೊಟ್ಟು ಅದನ್ನು ಅಳೆದೇ ಕೊರೆಯಲು ಹೇಳಿ. ಪಿಸ್ಟನ್ನಿಗೂ ಗೋಡೆಗೂ ನಡುವೆ ನಾನು ಬಿಡಿಸುವ ಸಂದು 0.04 ಮಿ.ಮೀ. ಬಹಳ ಕಡೆ ಬಿಟ್ಟುಬಿಡುವ ಕೆಲಸವೆಂದರೆ ಪೋರ್ಟ್ ಅಂಚು ಸವರುವುದು. ಕೊರೆದ ಮೇಲೆ ಅಂಚು ಬ್ಲೇಡಿನಂತಿರುತ್ತದೆ. ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ನಯವಾದ ಅರದಲ್ಲಿ ಅರ್ಧ ಮಿಲಿಮೀಟರಿನಷ್ಟು ಸವರಿ, ಬೆರಳಾಡಿಸಿದರೆ ಉಗುರು ಸಿಕ್ಕಬಾರದು. ಆಮೇಲೆ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೆಳ್ಳಗೇ ಇರುವವರೆಗೆ ತೊಳೆದು, ಕೂಡಲೇ ಆಯಿಲ್ ಸವರಿ. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗಿನ (ಕಲ್ಲಿನಿಂದ ಗೋಡೆ ಉಜ್ಜುವ ಕೆಲಸದ) ಪುಡಿ ಗೆರೆಗಳಲ್ಲೇ ಉಳಿಯುತ್ತದೆ.

ರಿಂಗನ್ನು ಪಿಸ್ಟನ್ನಿನಿಂದಲೇ 20 ಮಿ.ಮೀ. ಒಳಗೆ ತಳ್ಳಿ ಫೀಲರ್ ಗೇಜ್ ಹಾಕಿ ನೋಡಿ. ತುದಿಗಳ ನಡುವೆ ಕನಿಷ್ಠ 0.15 ಮಿ.ಮೀ. ಇರಲೇಬೇಕು. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿರಲಿ. ಪಿಸ್ಟನ್ ಪಿನ್ನಿನ ಹಳೆಯ ಲಾಕ್ ಮತ್ತೆ ಹಾಕಬೇಡಿ.

ಸೈಲೆನ್ಸರಿನ ಕರಿಗೆ ಕಾಸ್ಟಿಕ್ ಸೋಡಾ ಸರಿ, ಆದರೆ ಹೆಡ್ಡನ್ನು ಅದರಲ್ಲಿ ಅದ್ದಿದರೆ ಅಲ್ಯೂಮಿನಿಯಂ ಕರಗಿಹೋಗುತ್ತದೆ. ಟ್ಯಾಂಕಿನ ತುಕ್ಕಿಗೆ ಲೀಟರಿಗೆ 100 ಗ್ರಾಂ ನಿಂಬೆ ಉಪ್ಪು ಒಂದು ರಾತ್ರಿ, ಆಮೇಲೆ ಅಡುಗೆ ಸೋಡಾ ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಬಿಳಿ ಪೊರೆ ಬಿಡುವುದರಿಂದ ಕೊನೆಯ ಜಾಲಾಟ ಫಿಲ್ಟರ್ ನೀರಿನಲ್ಲೇ ಆಗಲಿ.

ಈಗಿನ ಪೆಟ್ರೋಲಿನ ಕಥೆ ಬೇರೆ. ಬರೀ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸಾಕು. ಶೇ 20 ಎಥನಾಲ್ ಸೇರಿದರೆ ಅದು 13.5ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಸೋರಿಕೆ ಇಲ್ಲದೆಯೂ ಮಿಶ್ರಣ ತೆಳುವಾಗುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಮಿಕುನಿ ಕಾರ್ಬೊರೇಟರಿಗೆ ಮುಂದಿನ ಸೈಜಿನ ಮೇನ್ ಜೆಟ್ ಹಾಕಿ, ಪೆಟ್ರೋಲ್ ಪೈಪನ್ನೂ ಬದಲಿಸಿ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ.

2ಟಿ ಪಂಪ್ ಕಿತ್ತುಹಾಕಿದ ಗಾಡಿಗೆ ಲೀಟರಿಗೆ 25 ಮಿ.ಲೀ. ಆಯಿಲ್. ಪಂಪ್ ಇದ್ದರೆ ಮೊದಲ ಟ್ಯಾಂಕಿಗೆ ಮಾತ್ರ ಲೀಟರಿಗೆ 20 ಮಿ.ಲೀ. ಬೆರೆಸಿ, ಪೈಪಿನಲ್ಲಿನ ಗಾಳಿ ಹೋಗುವವರೆಗೆ ಅದೇ ಕಾಪಾಡುತ್ತದೆ. ಮೊದಲ 500 ಕಿ.ಮೀ. ಅರ್ಧ ಆಕ್ಸಿಲರೇಟರ್ ದಾಟಬೇಡಿ, ಒಂದೇ ವೇಗದಲ್ಲಿ ಎಳೆಯಲೂ ಬೇಡಿ.

ಸೆಟ್ಟಿಂಗ್ ಮಾಡುವ ಜಾಗವೂ ಮುಖ್ಯ. ನಂದಿ ಬೆಟ್ಟದ ತುದಿ 1,478 ಮೀಟರ್, ಚಿಕ್ಕಬಳ್ಳಾಪುರ ಅದಕ್ಕಿಂತ ಐನೂರು ಮೀಟರಿಗೂ ಕೆಳಗೆ. ಮೇಲೆ ಗಾಳಿ ತೆಳು, ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ದಪ್ಪ. ಬೆಟ್ಟದ ಮೇಲೆ ಪ್ಲಗ್ ಕಂದು ಬಣ್ಣವಿದೆ, ಮಿಶ್ರಣ ಸರಿಯಿದೆ ಎಂದು ನಂಬಿ ಬಂದವರ ಗಾಡಿ ಬಯಲಿನಲ್ಲಿ ಹಿಡಿಯಬಹುದು. ಬಾಗೇಪಲ್ಲಿ ಕಡೆಯ ಹೆದ್ದಾರಿಯಲ್ಲಿ, ಹೊಸ ಪ್ಲಗ್ ಹಾಕಿ, ರಸ್ತೆ ಖಾಲಿಯಿದ್ದಾಗ ಒಂದು ಕಿಲೋಮೀಟರ್ ಪೂರ್ತಿ ಎಳೆಯಿರಿ. ಕ್ಲಚ್ ಹಿಡಿದು, ಆ ಕ್ಷಣವೇ ಕೀ ಆಫ್ ಮಾಡಿ, ಬದಿಗೆ ನಿಲ್ಲಿಸಿ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಜೆಟ್ ಮುಟ್ಟುವ ಮುಂಚೆ ಮನೆಗೆ ಬಂದು ಮತ್ತೆ ಬಿ.ಪಿ. ಯಂತ್ರ ಹಚ್ಚಿ.